ತೋಟದ ಮದ್ದು ಕಡಲು ಸೇರದಿರಲಿ

ಕರಾವಳಿಯ ಕೃಷಿಕರು, ಮೀನುಗಾರರು, ಗ್ರಾಮ ಪಂಚಾಯಿತಿಗಳು ಮತ್ತು ಜಿಲ್ಲಾಡಳಿತಗಳ ಗಮನಕ್ಕೆ

ಹೊಲ-ತೋಟಗಳಿಗೆ ಸಿಂಪಡಿಸಿದ ಕೀಟನಾಶಕ, ಕಳೆನಾಶಕ, ಶಿಲೀಂಧ್ರನಾಶಕಗಳ ಒಂದು ಪಾಲು ಮಳೆನೀರಿನ ಜೊತೆ ಹರಿದು ಕಡಲು ಸೇರುತ್ತದೆ. ಸೇರಿದ ಮೇಲೆ ಅದನ್ನು ಹೆಕ್ಕಿ ತೆಗೆಯುವ ಉಪಾಯವಿಲ್ಲ. ಹಾಗಾಗಿ ಕರಾವಳಿಯ ನೀರನ್ನು ಕಾಯುವ ಕೆಲಸ ತೋಟದ ಬಸಿಗಾಲುವೆಯಲ್ಲಿ, ತೋಡಿನ ದಂಡೆಯಲ್ಲಿ ಶುರುವಾಗಬೇಕು. ಆ ಕೆಲಸ ಫಲ ಕೊಡುತ್ತಿದೆಯೇ ಎಂದು ತಿಳಿಯಲು ಅಳಿವೆಗಳಲ್ಲಿ ಪರೀಕ್ಷೆ ನಡೆಯಬೇಕು. ಕಾರವಾರದಿಂದ ತಲಪಾಡಿಯವರೆಗಿನ ಮೂರು ಜಿಲ್ಲೆಗಳಿಗೆ ಇದು ಏಕೆ ತುರ್ತಿನ ವಿಷಯ ಎಂಬುದನ್ನು ಈ ಕರಪತ್ರ ವಿವರಿಸುತ್ತದೆ.

ವಿಷ ಸಾಗುವ ದಾರಿ

ಕರ್ನಾಟಕದ ಕರಾವಳಿಯ ಉದ್ದ 300 ಕಿ.ಮೀ.ಗೂ ಹೆಚ್ಚು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ಸೌಪರ್ಣಿಕಾ, ಸೀತಾ, ಸ್ವರ್ಣಾ, ಫಲ್ಗುಣಿ, ನೇತ್ರಾವತಿ ನದಿಗಳು ಇಲ್ಲಿ ಅರಬ್ಬಿ ಸಮುದ್ರ ಸೇರುತ್ತವೆ. ಎಲ್ಲವೂ ಕಿರುನದಿಗಳು, ಇವುಗಳಲ್ಲೇ ಉದ್ದವಾದ ಕಾಳಿಯೂ 200 ಕಿ.ಮೀ. ಮುಟ್ಟುವುದಿಲ್ಲ. ವರ್ಷದ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ಘಟ್ಟದ ಬುಡದಲ್ಲಿ ಬಿದ್ದ ನೀರು ಕಡಲು ಕಾಣಲು ಹೆಚ್ಚು ದಿನ ಬೇಕಿಲ್ಲ. ಕೃಷ್ಣಾ, ಗೋದಾವರಿಯಂಥ ನದಿಗಳ ದೀರ್ಘ ಪಯಣದಲ್ಲಿ ಬಿಸಿಲು ಮತ್ತು ಸೂಕ್ಷ್ಮಜೀವಿಗಳು ರಾಸಾಯನಿಕವನ್ನು ಒಡೆಯಲು ಸಮಯ ಸಿಗುತ್ತದೆ. ಪಶ್ಚಿಮಕ್ಕೆ ಹರಿಯುವ ಹೊಳೆಗಳಲ್ಲಿ ಆ ಅವಕಾಶ ತೀರ ಕಡಿಮೆ.

ಅಡಿಕೆ ತೋಟವನ್ನೇ ನೋಡಬಹುದು. ಕೊಳೆರೋಗ ತಡೆಯಲು ಮಳೆ ಹಿಡಿಯುವ ಮುನ್ನ ಒಮ್ಮೆ, ನಲವತ್ತು-ನಲವತ್ತೈದು ದಿನ ಬಿಟ್ಟು ಮತ್ತೊಮ್ಮೆ ಬೋರ್ಡೊ ದ್ರಾವಣ ಬಿಡುತ್ತಾರೆ. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್‌ಮನ್ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಕೊಟ್ಟ ಪರಿಹಾರವಿದು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಇಷ್ಟು ನೀರು ಬೇಕಾದ್ದರಿಂದ ಡ್ರಮ್ಮು ಸಾಮಾನ್ಯವಾಗಿ ತೋಡಿನ ಅಥವಾ ಕೆರೆಯ ಬದಿಯಲ್ಲೇ ಕೂರುತ್ತದೆ. ಕಲಕುವಾಗ ಚೆಲ್ಲಿದ್ದು, ಗೊನೆಯಿಂದ ತೊಟ್ಟಿಕ್ಕಿದ್ದು, ಸಂಜೆ ಡ್ರಮ್ಮು ಮತ್ತು ಪೈಪು ತೊಳೆದ ನೀಲಿ ನೀರು ಎಲ್ಲವೂ ಬಸಿಗಾಲುವೆಗೆ ಇಳಿಯುತ್ತವೆ. ಬಸಿಗಾಲುವೆ ತೋಡಿಗೆ, ತೋಡು ಹೊಳೆಗೆ. ತಾಮ್ರ ಮೂಲಧಾತು, ಅದು ಎಷ್ಟು ವರ್ಷ ಕಳೆದರೂ ಒಡೆದು ಬೇರೇನೋ ಆಗುವುದಿಲ್ಲ. ಬಹುಪಾಲು ತೋಟದ ಮಣ್ಣಿಗೇ ಅಂಟಿಕೊಳ್ಳುತ್ತದೆ, ಆದರೆ ಮಣ್ಣು ಕೊಚ್ಚಿಹೋದಾಗ ತಾಮ್ರವೂ ಜೊತೆಗೆ ಹೋಗುತ್ತದೆ.

ಭತ್ತದ ಗದ್ದೆಯ ದಾರಿ ಇನ್ನೂ ಹತ್ತಿರದ್ದು. ಕಾಂಡಕೊರಕಕ್ಕೋ ಜಿಗಿಹುಳುವಿಗೋ ಮದ್ದು ಹೊಡೆದ ಗದ್ದೆಯ ಅಂಚು ಒಡೆದರೆ, ಇಲ್ಲವೇ ಆ ರಾತ್ರಿಯೇ ಜೋರು ಮಳೆ ಬಂದರೆ ನೀರು ನೇರವಾಗಿ ತೋಡಿಗೆ ಬೀಳುತ್ತದೆ. ಕೂಲಿಯಾಳು ಸಿಗದ ಕಾರಣಕ್ಕೆ ತೋಟ, ಗದ್ದೆಯಂಚು, ರಸ್ತೆಬದಿಗಳಲ್ಲಿ ಕಳೆನಾಶಕದ ಬಳಕೆ ಹೆಚ್ಚಿದೆ. ಖಾಲಿ ಬಾಟಲಿ, ಸ್ಯಾಶೆಗಳು ನೆರೆಯಲ್ಲಿ ತೇಲಿಹೋಗುತ್ತವೆ. ಬೇಸಿಗೆಯಲ್ಲಿ ಹೊಳೆಯ ಗುಂಡಿಗಳಿಗೆ ಮೈಲುತುತ್ತು ಅಥವಾ ಕೀಟನಾಶಕ ಸುರಿದು ಮೀನು ಹಿಡಿಯುವ ದುಷ್ಟ ಪದ್ಧತಿಯೂ ಇದೆ. ನೀರಿಗೆ ವಿಷ ಹಾಕಿ ಮೀನು ಕೊಲ್ಲುವುದನ್ನು 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯೇ ಅಪರಾಧವೆಂದು ಸಾರಿತ್ತು.

ಅಳಿವೆಯಲ್ಲಿ ಆಗುವುದೇನು

ಹೊಳೆಯ ಸಿಹಿನೀರು ಕಡಲಿನ ಉಪ್ಪುನೀರನ್ನು ಕೂಡುವ ಜಾಗವೇ ಅಳಿವೆ. ಮಳೆಗಾಲದ ಕೆಂಪು ನೀರಿನಲ್ಲಿ ತೇಲಿಬರುವ ಜೇಡಿಕಣಗಳು ಒಂದನ್ನೊಂದು ದೂರ ತಳ್ಳುವುದರಿಂದ ತಳಕ್ಕಿಳಿಯುವುದಿಲ್ಲ. ಉಪ್ಪು ತಗುಲಿದೊಡನೆ ಆ ತಳ್ಳಾಟ ನಿಂತು, ಕಣಗಳು ಒಂದಕ್ಕೊಂದು ಅಂಟಿ, ಭಾರವಾಗಿ ತಳ ಸೇರುತ್ತವೆ. ಅಳಿವೆಯಲ್ಲಿ ಗೋಡುಮಣ್ಣು ತುಂಬುವುದು ಹೀಗೆ. ನೀರಿನಲ್ಲಿ ಸುಲಭವಾಗಿ ಕರಗದ ಕೀಟನಾಶಕಗಳು ಈ ಕಣಗಳಿಗೇ ಅಂಟಿಕೊಂಡು ಬರುತ್ತವೆ, ಅವುಗಳ ಜೊತೆಗೇ ಇಳಿಯುತ್ತವೆ. ಇಡೀ ಜಲಾನಯನದ ತೋಟಗಳಿಂದ ಹೊರಟ ವಿಷಕ್ಕೆ ಅಳಿವೆಯೇ ಜರಡಿ.

ಇದೇ ಜಾಗ ಕಡಲಿನ ಜೀವಿಗಳಿಗೆ ತೊಟ್ಟಿಲೂ ಹೌದು. ಸಿಗಡಿಗಳು ಕಡಲಿನಲ್ಲಿ ಮೊಟ್ಟೆಯಿಟ್ಟರೂ ಅವುಗಳ ಮರಿಗಳು ಉಬ್ಬರದ ಜೊತೆ ಅಳಿವೆಗೆ ಬಂದು ಕಾಂಡ್ಲಾ ಗಿಡಗಳ ಬೇರುಗಳ ನಡುವೆ ಬೆಳೆಯುತ್ತವೆ. ಏಡಿ, ಹಲವು ಬಗೆಯ ಮೀನಿನ ಮರಿಗಳು, ಬಳಚು ಎಲ್ಲಕ್ಕೂ ಈ ಕೆಸರೇ ಆಸರೆ. 2024ರಲ್ಲಿ ರಾಮ್ಸರ್ ತಾಣವೆಂದು (ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿ) ಘೋಷಿತವಾದ ಅಘನಾಶಿನಿ ಅಳಿವೆಯಲ್ಲಿ ಬಳಚು ಹೆಕ್ಕಿಯೇ ಬದುಕುವ ಕುಟುಂಬಗಳು ಬಹಳಷ್ಟಿವೆ.

ಕಾಲವೂ ಇಲ್ಲಿ ಮುಖ್ಯ. ಮೀನಿನ ಸಂತಾನ ಉಳಿಯಲೆಂದು ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ಬೋಟುಗಳು ದಕ್ಕೆಯಲ್ಲಿ ನಿಂತಿರುವ ಈ ಎರಡು ತಿಂಗಳಲ್ಲೇ ತೋಟ-ಗದ್ದೆಗಳ ವಿಷ ಅತಿ ಹೆಚ್ಚು ಪ್ರಮಾಣದಲ್ಲಿ ಕೆಳಗಿಳಿಯುತ್ತದೆ. ಬಲೆಯಿಂದ ಉಳಿಸಿದ ಮರಿಯನ್ನು ವಿಷದಿಂದ ಉಳಿಸದಿದ್ದರೆ ಮೀನುಗಾರರು ಮಾಡುವ ತ್ಯಾಗಕ್ಕೆ ಅರ್ಥ ಉಳಿಯುವುದಿಲ್ಲ.

ಯಾವ ಜೀವಿಗೆ ಯಾವ ಹಾನಿ

ಸಿಗಡಿ ಮತ್ತು ಏಡಿಗಳು ಕೀಟಗಳ ಹತ್ತಿರದ ಬಂಧುಗಳು. ಮೂರೂ ಸಂಧಿಪದಿಗಳೆಂಬ ಒಂದೇ ವಂಶಕ್ಕೆ ಸೇರಿದವು. ಕೀಟದ ನರವನ್ನು ಕೆಡಿಸಲೆಂದು ತಯಾರಾದ ರಾಸಾಯನಿಕ ಸಿಗಡಿಯ ನರವನ್ನೂ ಕೆಡಿಸುತ್ತದೆ. ಕೀಟದ ಪೊರೆ ಕಳಚುವಿಕೆಯನ್ನು ತಡೆಯುವ ಮದ್ದು ಏಡಿಯ ಚಿಪ್ಪು ಕಳಚುವಿಕೆಗೂ ಅಡ್ಡಿ ಮಾಡುತ್ತದೆ. ಪೈರೆಥ್ರಾಯ್ಡ್ ಗುಂಪಿನ ಸೈಪರ್‌ಮೆಥ್ರಿನ್ ಲೀಟರ್ ನೀರಿಗೆ ಒಂದು ಮೈಕ್ರೋಗ್ರಾಂನ ಹತ್ತನೇ ಒಂದು ಭಾಗದಷ್ಟಿದ್ದರೂ ಸಿಗಡಿಯ ಪ್ರಾಣಕ್ಕೆ ಕುತ್ತು. ಶೇ. 25ರ ಸೈಪರ್‌ಮೆಥ್ರಿನ್ ಬಾಟಲಿಯ ಮುಚ್ಚಳದಲ್ಲಿ ಉಳಿದ ಒಂದು ಮಿಲಿಲೀಟರ್ ದ್ರವದಲ್ಲಿ ಸುಮಾರು ಕಾಲು ಗ್ರಾಂ ವಿಷವಿರುತ್ತದೆ. ಲೆಕ್ಕ ಹಾಕಿದರೆ ಅದು 25 ಲಕ್ಷ ಲೀಟರ್ ನೀರನ್ನು ಆ ಮಟ್ಟಕ್ಕೆ ತರಲು ಸಾಕು. ಅಂದರೆ 50 ಮೀಟರ್ ಉದ್ದ, 50 ಮೀಟರ್ ಅಗಲ, ಒಂದು ಮೀಟರ್ ಆಳದ ಕೆರೆಯಷ್ಟು ನೀರು. ವಾಸ್ತವದಲ್ಲಿ ಇದರ ಬಹುಪಾಲು ಕೆಸರಿಗೆ ಅಂಟಿ ನೀರಿನಿಂದ ಹೊರಬೀಳುತ್ತದೆ. ಆದರೆ ಸಿಗಡಿ ತಿನ್ನುವುದೂ ಅಡಗುವುದೂ ಆ ಕೆಸರಿನಲ್ಲೇ.

ಕಳೆನಾಶಕಗಳ ಕೆಲಸ ಬೇರೆ. ಡಯುರಾನ್, ಅಟ್ರಜಿನ್‌ನಂಥವು ಸಸ್ಯದ ದ್ಯುತಿಸಂಶ್ಲೇಷಣೆಯನ್ನೇ ತಡೆಯುತ್ತವೆ. ನೀರಿನಲ್ಲಿ ತೇಲುವ ಸಸ್ಯಪ್ಲವಕ, ಕಡಲಹುಲ್ಲು ಮತ್ತು ಹವಳದೊಳಗಿನ ಪಾಚಿ ಬದುಕುವುದೂ ಅದೇ ಕ್ರಿಯೆಯಿಂದ. ಭೂತಾಯಿ, ಬಂಗುಡೆಗಳ ಆಹಾರ ಸರಪಳಿಯ ಮೊದಲ ಕೊಂಡಿ ಪ್ಲವಕ. ಆಸ್ಟ್ರೇಲಿಯಾದ ಕಬ್ಬಿನ ಗದ್ದೆಗಳಿಂದ ಹರಿದ ಇಂಥ ಕಳೆನಾಶಕಗಳು ಗ್ರೇಟ್ ಬ್ಯಾರಿಯರ್ ರೀಫ್‌ನ ನೀರಿಗೆ ಸೇರಿದ ಕಾರಣ ಅಲ್ಲಿನ ಸರ್ಕಾರ ಡಯುರಾನ್ ಬಳಕೆಗೆ ನಿರ್ಬಂಧ ಹೇರಬೇಕಾಯಿತು.

ಚಿಪ್ಪುಜೀವಿಗಳಿಗೆ ತಾಮ್ರ ಮುಖ್ಯ ಶತ್ರು. ಬೆಳೆದ ಬಳಚು ಸ್ವಲ್ಪ ತಾಮ್ರ ತಾಳಿಕೊಂಡರೂ ನೀರಿನಲ್ಲಿ ತೇಲುವ ಅದರ ಮರಿಹುಳು ತಾಳುವುದಿಲ್ಲ. ಸಿಂಪಿಯ ಭ್ರೂಣಕ್ಕೆ ಲೀಟರಿಗೆ ಕೆಲವೇ ಮೈಕ್ರೋಗ್ರಾಂನಿಂದ ಕೆಲವು ಹತ್ತು ಮೈಕ್ರೋಗ್ರಾಂ ತಾಮ್ರ ಸಾಕು, ಬೆಳವಣಿಗೆ ಕೆಡುತ್ತದೆ. ಚಿಪ್ಪುಜೀವಿಗಳು ದಿನವಿಡೀ ನೀರನ್ನು ಸೋಸಿ ತಿನ್ನುವುದರಿಂದ ನೀರಿನಲ್ಲಿರುವುದೆಲ್ಲ ಅವುಗಳ ಮೈಯಲ್ಲಿ ಸೇರುತ್ತ ಹೋಗುತ್ತದೆ.

ಡಿಡಿಟಿಯಂಥ ಕೊಬ್ಬಿನಲ್ಲಿ ಕರಗುವ ವಿಷಗಳು ಆಹಾರ ಸರಪಳಿಯ ಮೆಟ್ಟಿಲು ಏರಿದಂತೆಲ್ಲ ಸಾಂದ್ರವಾಗುತ್ತವೆ. ನ್ಯೂಯಾರ್ಕ್ ಬಳಿಯ ಲಾಂಗ್ ಐಲ್ಯಾಂಡ್‌ನ ಅಳಿವೆಯಲ್ಲಿ ನಡೆದು 1967ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಪ್ಲವಕದಲ್ಲಿ ಹತ್ತು ಲಕ್ಷಕ್ಕೆ 0.04 ಭಾಗವಿದ್ದ ಡಿಡಿಟಿ ಮೀನು ತಿನ್ನುವ ಹಕ್ಕಿಗಳಲ್ಲಿ 25 ಭಾಗದ ಆಸುಪಾಸಿಗೆ ಏರಿತ್ತು. ಆರುನೂರು ಪಟ್ಟಿಗೂ ಹೆಚ್ಚಿನ ಏರಿಕೆ ಇದು. ಮೀನು ತಿನ್ನುವ ಮನುಷ್ಯನೂ ಆ ಮೆಟ್ಟಿಲ ಮೇಲೇ ನಿಂತಿದ್ದಾನೆ.

ಈ ಯಾವ ಅಪಾಯವೂ ಬಾಟಲಿಯ ಮೇಲಿನ ಬಣ್ಣದ ತ್ರಿಕೋನದಿಂದ ತಿಳಿಯುವುದಿಲ್ಲ. ಕೆಂಪು, ಹಳದಿ, ನೀಲಿ, ಹಸಿರು ಎಂಬ ವರ್ಗೀಕರಣ ಇಲಿಯಂಥ ಸಸ್ತನಿಗಳ ಮೇಲಿನ ಪರೀಕ್ಷೆಯನ್ನು ಆಧರಿಸಿದ್ದು. ಹಸಿರು ಅಥವಾ ನೀಲಿ ತ್ರಿಕೋನವಿದ್ದರೆ ಸಿಂಪಡಿಸುವವನಿಗೆ ಅಪಾಯ ಕಡಿಮೆ ಎಂದಷ್ಟೇ ಅರ್ಥ. ಸಿಗಡಿಗೆ ಅದು ಮಾರಕವಾಗಿರಬಹುದು.

ಬೇರೆ ತೀರಗಳ ಪಾಠ

ಜಪಾನಿನ ಶಿಮಾನೆ ಪ್ರಾಂತದ ಶಿಂಜಿ ಸರೋವರ ಕಡಲಿಗೆ ಸೇರಿಕೊಂಡ ಸವಳುನೀರಿನ ಹಿನ್ನೀರು. ಸುತ್ತ ಭತ್ತದ ಗದ್ದೆಗಳು. 1993ರಲ್ಲಿ ಅಲ್ಲಿ ಇಮಿಡಾಕ್ಲೋಪ್ರಿಡ್ ಮೊದಲಾದ ನಿಯೋನಿಕೋಟಿನಾಯ್ಡ್ ಕೀಟನಾಶಕಗಳ ಬಳಕೆ ಶುರುವಾಯಿತು. ಆ ವರ್ಷದಿಂದಲೇ ಪ್ರಾಣಿಪ್ಲವಕ ಕುಸಿಯಿತು. ಅದನ್ನು ತಿಂದು ಬದುಕುವ ಸ್ಮೆಲ್ಟ್ ಮೀನಿನ ವಾರ್ಷಿಕ ಇಳುವರಿ 240 ಟನ್‌ನಿಂದ 22 ಟನ್‌ಗೆ ಇಳಿಯಿತು. 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ಕೀಟನಾಶಕದ ಬಳಕೆಗೂ ಮೀನಿನ ಕುಸಿತಕ್ಕೂ ಇರುವ ನಂಟನ್ನು ಮುಂದಿಟ್ಟಿತು. ಅಲ್ಲಿ ಮೀನು ವಿಷ ಕುಡಿದು ಸಾಯಲಿಲ್ಲ, ತಿನ್ನಲು ಸಿಗದೆ ಕಡಿಮೆಯಾಯಿತು. ಇಮಿಡಾಕ್ಲೋಪ್ರಿಡ್ ಕರ್ನಾಟಕದ ಅಂಗಡಿಗಳಲ್ಲೂ ಸಿಗುವ ಮದ್ದು.

ಕೆರಿಬಿಯನ್ ಸಮುದ್ರದ ಮಾರ್ಟಿನಿಕ್ ಮತ್ತು ಗ್ವಾಡೆಲೂಪ್ ಫ್ರಾನ್ಸಿನ ಆಡಳಿತದಲ್ಲಿರುವ ದ್ವೀಪಗಳು. ಬಾಳೆಯ ಮೂತಿಹುಳುವಿಗೆಂದು 1972ರಿಂದ 1993ರವರೆಗೆ ಅಲ್ಲಿ ಕ್ಲೋರ್‌ಡೆಕೋನ್ ಬಳಸಿದರು. ಬಳಕೆ ನಿಂತು ಮೂವತ್ತು ವರ್ಷ ಕಳೆದರೂ ಮಣ್ಣಿನಿಂದ ಹೊಳೆಗೆ, ಹೊಳೆಯಿಂದ ಕಡಲಿಗೆ ವಿಷ ಇಳಿಯುವುದು ನಿಂತಿಲ್ಲ. ತೀರದ ಹಲವು ಭಾಗಗಳಲ್ಲಿ ಮೀನು ಹಿಡಿಯುವಂತಿಲ್ಲ. ಅಲ್ಲಿನ ವಯಸ್ಕರಲ್ಲಿ ಶೇ. 90ಕ್ಕೂ ಹೆಚ್ಚು ಜನರ ರಕ್ತದಲ್ಲಿ ಈ ರಾಸಾಯನಿಕ ಪತ್ತೆಯಾಗಿದೆ. ಲಾಭ ಬಾಳೆ ತೋಟಗಳಿಗೆ ಹೋಯಿತು, ನಷ್ಟ ಮೀನುಗಾರರ ಪಾಲಿಗೆ ಬಂತು.

ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಡಿಡಿಟಿ ಕಾರ್ಖಾನೆಯೊಂದರ ತ್ಯಾಜ್ಯ 1970ರ ದಶಕದ ಆರಂಭದವರೆಗೂ ಒಳಚರಂಡಿಯ ಮೂಲಕ ಕಡಲು ಸೇರುತ್ತಿತ್ತು. ಮೀನಿನ ಮೂಲಕ ಡಿಡಿಟಿ ಸೇರಿದ ಪೆಲಿಕನ್‌ಗಳು ಇಟ್ಟ ಮೊಟ್ಟೆಯ ಸಿಪ್ಪೆ ಎಷ್ಟು ತೆಳುವಾಗಿತ್ತೆಂದರೆ ಕಾವಿಗೆ ಕೂತಾಗಲೇ ಒಡೆಯುತ್ತಿತ್ತು. ಸಮೀಪದ ಅನಕಾಪಾ ದ್ವೀಪದಲ್ಲಿ 1970ರಲ್ಲಿ ಐನೂರಕ್ಕೂ ಹೆಚ್ಚು ಗೂಡುಗಳಿದ್ದವು, ಬದುಕಿದ್ದು ಒಂದೇ ಮರಿ. 1972ರ ಡಿಡಿಟಿ ನಿಷೇಧದ ನಂತರ ಪೆಲಿಕನ್ ಚೇತರಿಸಿಕೊಂಡಿತು. ಕಡಲತಳದ ಕೆಸರಿನಲ್ಲಿ ಡಿಡಿಟಿ ಮಾತ್ರ ಇಂದಿಗೂ ಇದೆ.

ನಮ್ಮದೇ ನೆಲದ ಎಂಡೋಸಲ್ಫಾನ್

ಗೇರಿನ ಟೀ-ಸೊಳ್ಳೆಯನ್ನು ಕೊಲ್ಲಲು ಕಾಸರಗೋಡಿನ ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸುರಿಯಲಾಯಿತು. ದಕ್ಷಿಣ ಕನ್ನಡದ ಕೊಕ್ಕಡ ಸೇರಿದಂತೆ ಕರ್ನಾಟಕದ ಗೇರು ತೋಟಗಳ ಮೇಲೂ ಅದು ಬಿತ್ತು. ಮಕ್ಕಳ ಅಂಗವೈಕಲ್ಯ, ಬುದ್ಧಿಮಾಂದ್ಯ, ಸಾವು-ನೋವುಗಳ ರೂಪದಲ್ಲಿ ಅದರ ಫಲವನ್ನು ಎರಡೂ ಕಡೆಯ ಹಳ್ಳಿಗಳು ಈಗಲೂ ಅನುಭವಿಸುತ್ತಿವೆ. 2011ರ ಏಪ್ರಿಲ್‌ನಲ್ಲಿ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದ ಅದನ್ನು ತ್ಯಜಿಸಬೇಕಾದ ರಾಸಾಯನಿಕಗಳ ಪಟ್ಟಿಗೆ ಸೇರಿಸಿತು. ಅದೇ ವರ್ಷ ಮೇ 13ರಂದು ಸುಪ್ರೀಂ ಕೋರ್ಟ್ ದೇಶದಾದ್ಯಂತ ಅದರ ತಯಾರಿಕೆ ಮತ್ತು ಮಾರಾಟಕ್ಕೆ ತಡೆ ನೀಡಿತು.

ಮನುಷ್ಯರ ನೋವಿನ ಮುಂದೆ ನೀರಿನ ಕತೆ ಚರ್ಚೆಗೆ ಬಂದದ್ದು ಕಡಿಮೆ. ಎಂಡೋಸಲ್ಫಾನ್ ಮೀನಿಗೆ ಅತ್ಯುಗ್ರ ವಿಷ; ಹಲವು ಜಾತಿಯ ಮೀನು ಲೀಟರಿಗೆ ಒಂದೆರಡು ಮೈಕ್ರೋಗ್ರಾಂನಲ್ಲೇ ಸಾಯುತ್ತವೆ. ಅದು ಒಡೆದಾಗ ಹುಟ್ಟುವ ಎಂಡೋಸಲ್ಫಾನ್ ಸಲ್ಫೇಟ್ ಕೂಡ ವಿಷವೇ, ಮೂಲಕ್ಕಿಂತ ಹೆಚ್ಚು ಕಾಲ ಮಣ್ಣಿನಲ್ಲಿ ಉಳಿಯುತ್ತದೆ. ಕೊಕ್ಕಡದ ಸುತ್ತಲಿನ ತೋಡುಗಳು ಸೇರುವುದು ನೇತ್ರಾವತಿಯ ಜಲಾನಯನಕ್ಕೆ. ವಿಷವೊಂದನ್ನು ಅನುಮತಿಸುವಾಗ ತೋಟವನ್ನು ಮಾತ್ರ ನೋಡಿ, ತೋಟದ ನೀರು ಎಲ್ಲಿಗೆ ಹೋಗುತ್ತದೆಂದು ನೋಡದಿರುವುದು ಎಂಥ ಅನಾಹುತ ತರುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಕೇಳಿಬರುವ ಆಕ್ಷೇಪಗಳು

ಕಡಲು ದೊಡ್ಡದು, ಎಲ್ಲವೂ ಅದರಲ್ಲಿ ಕರಗಿಹೋಗುತ್ತದೆ ಎನ್ನುವವರಿದ್ದಾರೆ. ಕಡಲು ದೊಡ್ಡದು ನಿಜ. ಆದರೆ ಮೀನು ಹುಟ್ಟಿ ಬೆಳೆಯುವ ತಾಣಗಳು ಬಹುಪಾಲು ಅಳಿವೆ ಮತ್ತು ತೀರದ ಆಳವಿಲ್ಲದ ಕಿರಿದಾದ ಪಟ್ಟಿಯಲ್ಲಿವೆ. ವಿಷ ಮೊದಲು ತಲುಪುವುದೂ ಅಲ್ಲಿಗೇ.

ಮೀನಿನ ಕ್ಷಾಮಕ್ಕೆ ಬೇರೆ ಕಾರಣಗಳಿವೆ ಎಂಬ ಮಾತಿನಲ್ಲೂ ಹುರುಳಿದೆ. ಬುಲ್ ಟ್ರಾಲಿಂಗ್, ಲೈಟ್ ಫಿಶಿಂಗ್, ಮರಿಮೀನಿನ ಬೇಟೆ, ಬಿಸಿಯಾಗುತ್ತಿರುವ ಕಡಲು, ನಗರದ ಕೊಳಚೆ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಇಷ್ಟು ಪೆಟ್ಟು ತಿಂದ ಜಲಜೀವಿಗೆ ಸಣ್ಣ ಪ್ರಮಾಣದ ವಿಷವೂ ತಾಳಲಾರದಷ್ಟಾಗುತ್ತದೆ ಎಂಬುದನ್ನು ಆ ವಾದ ಮರೆಯುತ್ತದೆ.

ಮದ್ದಿಲ್ಲದೆ ಬೆಳೆಯಿಲ್ಲ ಎಂಬುದು ಕೃಷಿಕರ ನಿಜವಾದ ಆತಂಕ. ಇಂಡೋನೇಷ್ಯಾ ಸರ್ಕಾರ 1986ರಲ್ಲಿ ಭತ್ತಕ್ಕೆ ಬಳಸುವ 57 ಕೀಟನಾಶಕಗಳನ್ನು ಒಂದೇ ಆದೇಶದಲ್ಲಿ ನಿಷೇಧಿಸಿತು. ಕಂದು ಜಿಗಿಹುಳುವನ್ನು ತಿನ್ನುವ ಜೇಡ, ಕೀಟಗಳನ್ನು ಮದ್ದೇ ಕೊಂದು ಜಿಗಿಹುಳುವಿನ ಹಾವಳಿ ಹೆಚ್ಚಿಸಿತ್ತು ಎಂಬುದು ಅಲ್ಲಿ ಸಾಬೀತಾಗಿತ್ತು. ನಂತರದ ವರ್ಷಗಳಲ್ಲಿ ಭತ್ತದ ಉತ್ಪಾದನೆ ಕುಸಿಯಲಿಲ್ಲ, ಏರಿತು. ಕುಮಟಾ ತಾಲ್ಲೂಕಿನ ಗಜನಿ ಗದ್ದೆಗಳಲ್ಲಿ ಮಳೆಗಾಲಕ್ಕೆ ಕಗ್ಗ ಭತ್ತ, ಉಳಿದ ಕಾಲಕ್ಕೆ ಸಿಗಡಿ-ಮೀನು ಎಂಬ ಸಾಂಪ್ರದಾಯಿಕ ಪದ್ಧತಿ ಕೀಟನಾಶಕವಿಲ್ಲದೆ ನಡೆದುಬಂದಿದೆ. ಒಂದೇ ಗದ್ದೆಯಲ್ಲಿ ಅನ್ನವೂ ಮೀನೂ ಬೇಕೆಂದಾಗ ವಿಷ ತಾನಾಗಿ ಹೊರಗುಳಿಯಿತು.

ಆಗಬೇಕಾದದ್ದು

ಕೃಷಿಕರಿಂದ:

1. ಮದ್ದು ಕಲಸುವ ಡ್ರಮ್ಮನ್ನು ತೋಡು, ಕೆರೆ, ಬಾವಿಗಳಿಂದ ದೂರವಿಡಬೇಕು. ನೀರನ್ನು ಅಲ್ಲಿಗೆ ಪೈಪಿನಲ್ಲಿ ತರಬಹುದು. ಪಂಪು, ಡ್ರಮ್ಮು ತೊಳೆದ ನೀರನ್ನು ತೋಟದ ಒಣಮಣ್ಣಿಗೇ ಚೆಲ್ಲಬೇಕು.

2. ಜೋರು ಮಳೆಯ ಮುನ್ಸೂಚನೆ ಇರುವ ದಿನ ಸಿಂಪಡಣೆ ಬೇಡ. ಇದರಿಂದ ಮದ್ದಿನ ಹಣವೂ ಉಳಿಯುತ್ತದೆ. ಮದ್ದು ಹೊಡೆದ ಗದ್ದೆಯ ನೀರನ್ನು ಕೆಲವು ದಿನ ಹೊರಬಿಡಬಾರದು.

3. ತೋಡಿನ ದಂಡೆಯಲ್ಲಿ ಹುಲ್ಲು, ಪೊದೆಗಳ ಪಟ್ಟಿಯನ್ನು ಕಡಿಯದೆ ಬಿಡಬೇಕು. ಕೊಚ್ಚಿಬರುವ ಮಣ್ಣನ್ನೂ ಅದಕ್ಕಂಟಿದ ವಿಷವನ್ನೂ ಅದು ಹಿಡಿದಿಡುತ್ತದೆ. ಅಲ್ಲಿಗೆ ಕಳೆನಾಶಕ ಬಿಡಲೇಬಾರದು.

4. ಕೀಟ ಕಂಡು, ಎಣಿಸಿ, ಅಗತ್ಯವಿದ್ದರೆ ಮಾತ್ರ ಮದ್ದು. ತೆಂಗಿನ ಕೆಂಪುಮೂತಿ ಹುಳುವಿಗೆ ಮೋಹಕ ಬಲೆ, ಗೇರಿನ ಟೀ-ಸೊಳ್ಳೆಗೆ ಚಗಳಿ ಇರುವೆ, ಭತ್ತದ ಕಾಂಡಕೊರಕಕ್ಕೆ ಟ್ರೈಕೋಗ್ರಾಮ ಕಣಜ, ಅಡಿಕೆ ಗೊನೆಗೆ ಕೊಟ್ಟೆ ಕಟ್ಟುವುದು ಇವೆಲ್ಲ ಬಳಕೆಯಲ್ಲಿರುವ ಉಪಾಯಗಳೇ.

ಪಂಚಾಯಿತಿ ಮತ್ತು ಸರ್ಕಾರದಿಂದ:

5. 1971ರ ಕೀಟನಾಶಕ ನಿಯಮಗಳ 44ನೇ ನಿಯಮ ಖಾಲಿ ಪೊಟ್ಟಣ, ಉಳಿದ ಮದ್ದು, ತೊಳೆದ ನೀರು ಇವುಗಳಿಂದ ಪರಿಸರ ಮತ್ತು ನೀರು ಕೆಡದಂತೆ ವಿಲೇವಾರಿ ಆಗಬೇಕೆಂದು ಹೇಳುತ್ತದೆ. ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಖಾಲಿ ಬಾಟಲಿ ಸಂಗ್ರಹಿಸುವ ವ್ಯವಸ್ಥೆ ಇಲ್ಲದೆ ಈ ನಿಯಮ ಜಾರಿಯಾಗದು.

6. ಅಳಿವೆಗಳ ಪರೀಕ್ಷೆ ಮುಂಗಾರಿನ ಮೊದಲ ನೆರೆಗಳಲ್ಲೇ ನಡೆಯಬೇಕು. ವಿಷದ ಅಲೆ ಕೆಲವು ಗಂಟೆಗಳಲ್ಲಿ ಹಾದುಹೋಗುವುದರಿಂದ ತಿಂಗಳಿಗೊಮ್ಮೆ ಬಾಟಲಿಯಲ್ಲಿ ಹಿಡಿದ ನೀರು ಅದನ್ನು ತೋರಿಸುವುದಿಲ್ಲ. ಕೆಸರು ಮತ್ತು ಬಳಚಿನ ಮಾಂಸವನ್ನು ಪರೀಕ್ಷಿಸಿದರೆ ತಿಂಗಳುಗಳ ಲೆಕ್ಕ ಸಿಗುತ್ತದೆ. ಅಮೆರಿಕ 1986ರಿಂದ ತನ್ನ ಕರಾವಳಿಯನ್ನು ಚಿಪ್ಪುಜೀವಿಗಳ ಮೂಲಕವೇ ಗಮನಿಸುತ್ತಿದೆ. ಮಂಗಳೂರಿನ ಮೀನುಗಾರಿಕಾ ಕಾಲೇಜು, ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಮಂಗಳೂರು ಕೇಂದ್ರಗಳಂಥ ಪರಿಣತ ಸಂಸ್ಥೆಗಳು ಇಲ್ಲೇ ಇವೆ. ಫಲಿತಾಂಶ ಕನ್ನಡದಲ್ಲಿ, ಸಾರ್ವಜನಿಕರ ಕೈಗೆ ಸಿಗಬೇಕು.

7. ಬಾಟಲಿಯ ಮೇಲೆ ಬಣ್ಣದ ತ್ರಿಕೋನದ ಜೊತೆಗೆ ಮೀನು, ಸಿಗಡಿಗಳಿಗೆ ಎಷ್ಟು ಅಪಾಯ ಎಂಬ ಗುರುತೂ ಇರಬೇಕು. ಹೊಳೆ ಮತ್ತು ಅಳಿವೆಯ ಅಂಚಿನಲ್ಲಿ ಅಂಥ ಮದ್ದುಗಳ ಬಳಕೆಗೆ ನಿರ್ದಿಷ್ಟ ಅಂತರ ಗೊತ್ತುಪಡಿಸಬೇಕು.

ಮೀನುಗಾರರಿಂದ:

8. ಹೊಳೆಯಲ್ಲೋ ಅಳಿವೆಯಲ್ಲೋ ಮೀನು, ಏಡಿ ಸತ್ತು ತೇಲಿದರೆ ಅದೇ ದಿನ ಪಂಚಾಯಿತಿಗೂ ಮಾಲಿನ್ಯ ನಿಯಂತ್ರಣ ಮಂಡಳಿಗೂ ತಿಳಿಸಬೇಕು. ತಡವಾದರೆ ಪುರಾವೆ ಹರಿದುಹೋಗುತ್ತದೆ.

ಘಟ್ಟದ ತಪ್ಪಲಿನ ಕೃಷಿಕ ಮತ್ತು ದಕ್ಕೆಯ ಮೀನುಗಾರ ಒಂದೇ ಹೊಳೆಯ ಎರಡು ತುದಿಗಳಲ್ಲಿರುವವರು. ಮೇಲಿನವನಿಗೆ ಇಲ್ಲಿ ಕೇಳಿದ ಬದಲಾವಣೆಗಳಿಂದ ಬೀಳುವ ಹೊರೆ ಚಿಕ್ಕದು; ಡ್ರಮ್ಮಿನ ಜಾಗ ಬದಲಿಸುವುದು, ಮಳೆ ನೋಡಿ ಮದ್ದು ಬಿಡುವುದು, ದಂಡೆಯ ಹುಲ್ಲು ಉಳಿಸುವುದು. ಬರುವ ಮುಂಗಾರಿಗೆ ಮುನ್ನ ಪ್ರತಿ ಗ್ರಾಮಸಭೆ ಈ ಬೇಡಿಕೆಗಳನ್ನು ಚರ್ಚೆಗೆ ತೆಗೆದುಕೊಂಡು ನಿರ್ಣಯ ಕೈಗೊಳ್ಳಲಿ. ಓದಿದವರು ಈ ಕರಪತ್ರವನ್ನು ಹೊಳೆಯ ಇನ್ನೊಂದು ತುದಿಯವರಿಗೂ ತಲುಪಿಸಲಿ.